ಮೊನಾಯ್ಡ್ ಮುಗಿಯಲ್ಲ, ಅದರ ಗ್ರೂಪ್ ಮಾತ್ರ ಎರಡೇ ಜನರೇಟರ್‌ಗೆ ಮುಗಿಯುತ್ತೆ. ಇದು ಹೇಗೆ?

ಮೂಡಿಗೆರೆ_ಮಂಜು · ಶನಿವಾರ ರಾತ್ರಿ 8:52

ಊರು ಮೂಡಿಗೆರೆ ಹತ್ತಿರ, ಓದುತ್ತಿರೋದು ಹಾಸನದಲ್ಲಿ, ಎಂಎಸ್ಸಿ ಗಣಿತ ಕೊನೇ ವರ್ಷ. ನಿನ್ನೆ ನನ್ನ ಸೆಮಿನಾರ್ ಇತ್ತು, ಮೊನಾಯ್ಡ್‌ಗಳ ಫೈನೈಟ್‌ನೆಸ್ ಗುಣಗಳ ಮೇಲೆ. ಅರ್ಧ ಗಂಟೆ ಚೆನ್ನಾಗೇ ಹೋಯಿತು. ಆಮೇಲೆ ಮಾನ ಹೋಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಮೊನಾಯ್ಡ್ ಅಂದ್ರೆ ಎರಡನ್ನು ಜೋಡಿಸಿದರೆ ಅದೇ ಜಾತಿಯ ಇನ್ನೊಂದು ಸಿಗುವ ಲೆಕ್ಕ. ಆವರಣ ಎಲ್ಲಿ ಹಾಕಿದರೂ ಉತ್ತರ ಒಂದೇ. 'ಏನೂ ಮಾಡದ' ಒಂದು ಐಡೆಂಟಿಟಿ ಇರುತ್ತೆ. ಮಾಡಿದ್ದನ್ನು ವಾಪಸ್ ಮಾಡೋಕೆ ಬರಲೇಬೇಕು ಅಂತಿಲ್ಲ. ಬಂದರೆ ಅದು ಗ್ರೂಪ್, ಆ ವಾಪಸ್ ಮಾಡೋದೇ ಇನ್‌ವರ್ಸ್. ಜೋಡಿಸಿ ಜೋಡಿಸಿ ಉಳಿದದ್ದೆಲ್ಲ ಹುಟ್ಟಿಸೋಕೆ ಬೇಕಾದ ಅಂಶಗಳು ಜನರೇಟರ್. ಯಾವ ಎರಡು ಜೋಡಣೆ ಒಂದೇ ಅಂತ ಹೇಳುವ ನಿಯಮ ರಿಲೇಶನ್. ಮೊನಾಯ್ಡ್‌ನ ಜನರೇಟರ್, ರಿಲೇಶನ್ ಎಲ್ಲ ಹಾಗೇ ಇಟ್ಟು, ಪ್ರತಿಯೊಂದಕ್ಕೂ ಇನ್‌ವರ್ಸ್ ಸೇರಿಸಿದರೆ ಆ ಮೊನಾಯ್ಡ್‌ನ ಗ್ರೂಪ್ ಸಿಗುತ್ತೆ.

ನಾನು ಬೋರ್ಡ್ ಮೇಲೆ ಬರೆದೆ: 'ಎಫ್‌ಪಿ-1 ಅಂದರೆ ಫೈನೈಟ್ಲಿ ಜನರೇಟೆಡ್.' ಎಫ್‌ಪಿ-1 ಅನ್ನೋದು ಆ ಫೈನೈಟ್‌ನೆಸ್ ಗುಣಗಳಲ್ಲಿ ಒಂದು, ಫೈನೈಟ್ಲಿ ಜನರೇಟೆಡ್ ಅಂದರೆ ಜನರೇಟರ್ ಪಟ್ಟಿ ಮುಗಿಯುವಂಥದ್ದು. ಗ್ರೂಪ್‌ಗಳಲ್ಲಿ ಇದು ಸರಿ, ಪುಸ್ತಕದಲ್ಲೇ ಇದೆ. ಹಿಂದಿನ ಬೆಂಚಿನಿಂದ ಸರ್ ಒಬ್ಬರು, "ಎಡಗಡೆಯಿಂದಲೋ ಬಲಗಡೆಯಿಂದಲೋ?" ಅಂದರು. ನಾನು ಕಣ್ಣು ಕಣ್ಣು ಬಿಟ್ಟೆ. "ಹೋಗಲಿ, ಗ್ರೂಪ್ ಗೊತ್ತಿದ್ದರೆ ಮೊನಾಯ್ಡ್ ಬಗ್ಗೆ ಏನು ಹೇಳಬಹುದು?" ಅಂದರು. ಧೈರ್ಯ ಮಾಡಿ "ಬಹುತೇಕ ಎಲ್ಲಾ" ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಸೋಮವಾರ ಮತ್ತೆ ಮಾಡಬೇಕಂತೆ.

ಎಲ್ಲಿ ತಪ್ಪಿದೆ? ದಯವಿಟ್ಟು ಉದಾಹರಣೆ ಕೊಟ್ಟು ಹೇಳಿ. ಡೆಫಿನಿಷನ್ ನನ್ನ ಹತ್ತಿರ ಬೇಕಾದಷ್ಟಿದೆ.

ಅರಸೀಕೆರೆ_ತೆಂಗು · 8:59

ನನಗೆ ಅರ್ಥವಾದ ಪದ ಒಂದೇ, ಸೋಮವಾರ.

ಕೋಡುಬಳೆ · 9:06

ನಾನು ಪ್ರೋಗ್ರಾಮರ್, ಮನೆಯಿಂದ ಕೆಲಸ, ಸಕಲೇಶಪುರ. ನಮಗೆ ಮೊನಾಯ್ಡ್ ದಿನಾ ಸಿಗುತ್ತೆ. ಅಕ್ಷರದ ಸರಗಳನ್ನು ಒಂದರ ಹಿಂದೆ ಒಂದು ಅಂಟಿಸೋದು ಮೊನಾಯ್ಡ್. ಖಾಲಿ ಸರ ಅದರ ಐಡೆಂಟಿಟಿ. ಅಂಟಿಸಿ ಅಂಟಿಸಿ ಖಾಲಿಗೆ ವಾಪಸ್ ಬರೋಕೆ ಆಗಲ್ಲ. ರಿಲೇಶನ್ ಒಂದೂ ಇಲ್ಲದ ಇಂಥದ್ದು ಫ್ರೀ ಮೊನಾಯ್ಡ್, ಇನ್‌ವರ್ಸ್ ಸೇರಿಸಿದರೆ ಫ್ರೀ ಗ್ರೂಪ್. ಎರಡಕ್ಕೂ ಅಷ್ಟೇ ಜನರೇಟರ್. ಹಾಗಾದ್ರೆ ನೀವು ಹೇಳಿದ್ದು ಸರಿ ತಾನೇ? ಸರ್ ಸುಮ್ನೆ ಕಾಲೆಳೆದಿರಬೇಕು.

ಕಾಫಿ_ಕಣ · 9:21

ಕೋಡುಬಳೆಯವರೇ, ಫ್ರೀ ಮೊನಾಯ್ಡ್ ತೀರಾ ಸಾಧು ಪ್ರಾಣಿ. ಅದನ್ನು ನೋಡಿ ಉಳಿದವನ್ನು ನಂಬಬೇಡಿ.

ನಾನು ಎಂಎಸ್ಸಿ ಮಾಡಿ ಇಪ್ಪತ್ತೆರಡು ವರ್ಷವಾಯಿತು, ಈಗ ತೋಟ ನೋಡಿಕೊಂಡಿದ್ದೇನೆ. ಅದಕ್ಕೇ ತೋಟದ ಉದಾಹರಣೆ. ಒಬ್ಬ ವ್ಯಾಪಾರಿ ಇದ್ದಾನೆ ಅಂದುಕೊಳ್ಳಿ. ಬರೀ ಮೆಣಸು ತಗೊಳ್ಳಲ್ಲ. ಕಾಫಿ ಒಂದು ಮೂಟೆಯಾದರೂ ಇದ್ದರೆ ಮಾತ್ರ ಜೊತೆಗೆ ಎಷ್ಟು ಕೆ.ಜಿ. ಮೆಣಸು ಬೇಕಾದರೂ ಹಾಕಿಕೊಳ್ಳುತ್ತಾನೆ. ಒಂದು ಲೋಡನ್ನು (ಕಾಫಿ ಮೂಟೆ, ಮೆಣಸು ಕೆ.ಜಿ.) ಅಂತ ಬರೆಯೋಣ. ಏನೂ ಕಳಿಸದಿದ್ದರೆ (0,0). ಎರಡು ಲೋಡ್ ಕೂಡಿಸಿದರೂ ಅವನು ಒಪ್ಪುವ ಲೋಡೇ ಆಗುತ್ತೆ. ಆಯಿತಲ್ಲ, ಮೊನಾಯ್ಡ್.

ಇದಕ್ಕೆ ಎಷ್ಟು ಜನರೇಟರ್ ಬೇಕು? (1,0) ಬೇಕು. (1,1) ಬೇಕು. (1,2), (1,3), (1,100) ಎಲ್ಲಾ ಬೇಕು. ಯಾಕೆಂದರೆ ಖಾಲಿಯಲ್ಲದ ಎರಡು ಲೋಡ್ ಕೂಡಿಸಿದರೆ ಕಾಫಿ ಕನಿಷ್ಠ ಎರಡು ಮೂಟೆ ಆಗಿಬಿಡುತ್ತೆ. ಹಾಗಾಗಿ ಒಂದು ಮೂಟೆಯ ಲೋಡ್ ಯಾವುದೂ ಬೇರೆಯವುಗಳಿಂದ ಹುಟ್ಟಲ್ಲ. ಪಟ್ಟಿಗೆ ಕೊನೆಯೇ ಇಲ್ಲ.

ಈಗ ಇನ್‌ವರ್ಸ್ ಕೊಡಿ, ಅಂದರೆ ಲೋಡ್ ವಾಪಸ್ ತರೋಕೆ ಬಿಡಿ. (1,1) ಕಳಿಸಿ (1,0) ವಾಪಸ್ ತಂದರೆ (0,1), ಬರೀ ಒಂದು ಕೆ.ಜಿ. ಮೆಣಸು! ಗ್ರೂಪ್‌ಗೆ ಎರಡೇ ಜನರೇಟರ್ ಸಾಕು, ಅದು ಪೂರ್ಣಾಂಕಗಳ ಜೋಡಿಗಳ ಗ್ರೂಪ್. ತಲೆಬರಹದ ಪ್ರಶ್ನೆಗೆ ಉತ್ತರ ಇಷ್ಟೇ.

ಬೋರ್ಡ್_ನೋಡಿ_ಹತ್ತಿ · 9:24

ಅಂಥಾ ವ್ಯಾಪಾರಿ ನಮ್ಮ ಕಡೆ ನಿಜವಾಗಿಯೂ ಇದ್ದಾನೆ ಅಣ್ಣ. ತೂಕದ ವಿಷಯದಲ್ಲಿ ಮಾತ್ರ ಯಾವ ಗುಣವೂ ಇಲ್ಲ.

ಮೂಡಿಗೆರೆ_ಮಂಜು · 9:30

ಕಾಫಿ ಅಣ್ಣ, ಇದು ಸೂಪರ್. ಅಂದರೆ ಮೊನಾಯ್ಡ್‌ನಿಂದ ಗ್ರೂಪ್‌ಗೆ ಹೋಗುವಾಗ ಪಟ್ಟಿ ಮುಗಿಯುವ ಗುಣ ಉಳಿಯುತ್ತೆ, ವಾಪಸ್ ಬರುವಾಗ ಉಳಿಯಲ್ಲ. ಮೊನಾಯ್ಡ್‌ಗೆ ಜನರೇಟರ್ ಪಟ್ಟಿ, ರಿಲೇಶನ್ ಪಟ್ಟಿ ಎರಡೂ ಚಿಕ್ಕದಿದ್ದರೆ ಅದೇ ಪಟ್ಟಿ ಗ್ರೂಪ್‌ಗೂ ಆಗುತ್ತೆ. ಉಲ್ಟಾ ನಡೆಯಲ್ಲ. ಸರೀನಾ? ಆದರೆ ಎಡ, ಬಲ ಎಲ್ಲಿಂದ ಬಂತು? ನಿಮ್ಮ ಲೋಡ್‌ಗಳಲ್ಲಿ ಎಡ ಬಲ ಇಲ್ಲವಲ್ಲ.

ಹಳೇ_ಸೀಮೆಸುಣ್ಣ · 9:48

ಮಂಜು, ಮೊದಲ ಮಾತು ಸರಿ. ಎರಡನೆಯದಕ್ಕೆ ಬರುತ್ತೇನೆ. ಮೂವತ್ತು ವರ್ಷ ಪಾಠ ಮಾಡಿದವನು, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ಎಫ್‌ಪಿ-ಎನ್ ಅನ್ನು ಪುಸ್ತಕದವರು ರೆಸಲ್ಯೂಶನ್ ಇಟ್ಟು ಹೇಳುತ್ತಾರೆ. ಮೊನಾಯ್ಡ್ ಯಾವುದನ್ನು ಗುಣಿಸುತ್ತೋ ಅದು ಮಾಡ್ಯೂಲ್, ಏನೇ ಗುಣಿಸಿದರೂ ಅಲುಗಾಡದ್ದು ಟ್ರಿವಿಯಲ್ ಮಾಡ್ಯೂಲ್, ಷರತ್ತಿಲ್ಲದ ಫ್ರೀ ಮಾಡ್ಯೂಲ್‌ನಿಂದ ಬೇರ್ಪಡಿಸಬಹುದಾದ ತುಂಡು ಪ್ರೊಜೆಕ್ಟಿವ್. ಟ್ರಿವಿಯಲ್ ಮಾಡ್ಯೂಲ್‌ಗೆ ಪ್ರೊಜೆಕ್ಟಿವ್ ಮಾಡ್ಯೂಲ್‌ಗಳ ಏಣಿ ಕಟ್ಟಬೇಕು. ಎನ್‌ನೇ ಮೆಟ್ಟಿಲಿನವರೆಗೂ ಪ್ರತಿ ಮೆಟ್ಟಿಲು ಫೈನೈಟ್ಲಿ ಜನರೇಟೆಡ್ ಆಗಿ ಕಟ್ಟೋಕೆ ಬಂದರೆ ಎಫ್‌ಪಿ-ಎನ್. ಎಲ್ಲ ಮೆಟ್ಟಿಲಿಗೂ ಬಂದರೆ ಎಫ್‌ಪಿ-ಅನಂತ. ಇದನ್ನು ಬೋರ್ಡ್ ಮೇಲೆ ಬರೆದು ಯಾರಿಗೂ ಏನೂ ಆಗಿಲ್ಲ, ಹಾಗಾಗಿ ಮೊದಲ ಮೆಟ್ಟಿಲನ್ನು ರಸ್ತೆ ಹಾಕಿ ನೋಡೋಣ.

ಮೊನಾಯ್ಡ್‌ನ ಒಂದೊಂದು ಅಂಶವೂ ಒಂದೊಂದು ಊರು. ಕೆಲವೇ ಕೆಲವು ಹೆಜ್ಜೆಗಳನ್ನು ಆರಿಸಿಕೊ. 'ಮ' ಅನ್ನುವ ಊರಿನಿಂದ, ಬಲಗಡೆ 'ಕ' ಅಂಟಿಸಿ 'ಮಕ' ಅನ್ನುವ ಊರಿಗೆ ರಸ್ತೆ ಹಾಕು. ರಸ್ತೆ ಒನ್‌ವೇ. ಮೊನಾಯ್ಡ್ ಫೈನೈಟ್ಲಿ ಜನರೇಟೆಡ್ ಅಂದರೆ, ಐಡೆಂಟಿಟಿ ಊರಿನಿಂದ ಹೊರಟು ಒನ್‌ವೇ ನಿಯಮ ಪಾಲಿಸಿಕೊಂಡೇ ಎಲ್ಲ ಊರನ್ನೂ ಮುಟ್ಟಬಹುದು. ಎಡ ಎಫ್‌ಪಿ-1 ಅಂದರೆ, ಒನ್‌ವೇ ಬೋರ್ಡ್ ಕಿತ್ತು ಹಾಕಿ ಹಿಂದಕ್ಕೂ ಮುಂದಕ್ಕೂ ಓಡಾಡಿದರೆ ಎಲ್ಲ ಊರೂ ಮುಟ್ಟಬಹುದು. ಇಷ್ಟೇ ವ್ಯತ್ಯಾಸ. ಗ್ರೂಪ್‌ನಲ್ಲಿ ಪ್ರತಿ ಹೆಜ್ಜೆಗೂ ವಾಪಸ್ ಹೆಜ್ಜೆ ಇದ್ದೇ ಇರುತ್ತೆ, ಆದ್ದರಿಂದ ಎರಡೂ ಒಂದೇ. ಮೊನಾಯ್ಡ್‌ನಲ್ಲಿ ಒಂದೇ ಅಲ್ಲ. ನೀನು ಗ್ರೂಪ್ ಪುಸ್ತಕದ ಸಾಲನ್ನು ಮೊನಾಯ್ಡ್ ಊರಿಗೆ ತಂದೆ, ಅಲ್ಲೇ ಎಡವಿದ್ದು.

ಹೆಜ್ಜೆಯನ್ನು ಬಲಗಡೆ ಅಂಟಿಸುವ ಬದಲು ಎಡಗಡೆ ಅಂಟಿಸಿದರೆ ಬೇರೆ ರಸ್ತೆ, ಬೇರೆ ನಕ್ಷೆ. ಅದು ಬಲ ಎಫ್‌ಪಿ-1. ಹೌದು, ಹೆಸರು ತಲೆಕೆಳಗಾದ ಹಾಗೆ ಕಾಣುತ್ತೆ. ಎಡ ಮಾಡ್ಯೂಲ್‌ನಲ್ಲಿ ಮೊನಾಯ್ಡ್ ಎಡದಿಂದ ಗುಣಿಸುತ್ತೆ, ಹಾಗಾಗಿ ಹೆಜ್ಜೆ ಬಲಗಡೆ ಉಳಿದುಕೊಳ್ಳುತ್ತೆ.

ಕಾಫಿಯವರ ಮೊನಾಯ್ಡನ್ನೇ ತಗೋ. ಹೆಜ್ಜೆ ಎರಡೇ ಸಾಕು, (1,0) ಮತ್ತು (1,1). ಖಾಲಿಯಲ್ಲದ ಯಾವುದೋ ಲೋಡಿಗೆ (1,1) ಸೇರಿಸಿ, ಆಮೇಲೆ (1,0)ಯ ರಸ್ತೆಯಲ್ಲಿ ಹಿಂದಕ್ಕೆ ಬಾ. ಕಾಫಿ ಅಷ್ಟೇ ಇದೆ, ಮೆಣಸು ಒಂದು ಕೆ.ಜಿ. ಜಾಸ್ತಿಯಾಯಿತು. ಎಲ್ಲ ಊರೂ ಸಿಕ್ಕಿತು. ಅಂದರೆ ಆ ಮೊನಾಯ್ಡ್ ಎಫ್‌ಪಿ-1 ಹೌದು, ಫೈನೈಟ್ಲಿ ಜನರೇಟೆಡ್ ಅಲ್ಲ.

ಮೂಡಿಗೆರೆ_ಮಂಜು · 9:55

ಸರ್! ಇದನ್ನು ನಿನ್ನೆ ಹೇಳಿದ್ದಿದ್ದರೆ! ಚಾರ್ಮಾಡಿ ಘಾಟಿ ಹಾಕಿಯೇ ವಿವರಿಸುತ್ತಿದ್ದೆ.

ಬೋರ್ಡ್_ನೋಡಿ_ಹತ್ತಿ · 9:57

ಮಳೆಗಾಲದಲ್ಲಿ ಚಾರ್ಮಾಡಿಗೆ ಇನ್‌ವರ್ಸ್ ಇರಲ್ಲ. ಕೆಲವು ಸಲ ಐಡೆಂಟಿಟಿ ಒಂದೇ ಇರೋದು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ ಕೂರೋದು.

ಯಗಚಿ · 10:10

ಸುಣ್ಣದ ಸರ್ ರಸ್ತೆ ಹಾಕಿಕೊಟ್ಟರು, ನಾನು ಬಸ್ ಬಿಡ್ತೀನಿ. ಎಡ ಬಲ ಬೇರೆ ಅನ್ನೋದಕ್ಕೆ ಇದಕ್ಕಿಂತ ಸಣ್ಣ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಸನ ಬಸ್ ಸ್ಟ್ಯಾಂಡ್. ಡ್ರೈವರ್ ಮುಂದಿನ ಗಾಜಿಗೆ ಬೋರ್ಡ್ ಇಡುತ್ತಾರೆ. ಬೇಲೂರು ಬೋರ್ಡ್ ಇತ್ತು, ತೆಗೆದು ಅರಕಲಗೂಡು ಇಟ್ಟರು. ಈಗ ಬಸ್ ಎಲ್ಲಿಗೆ? ಅರಕಲಗೂಡಿಗೆ. ಮೊದಲು ಏನಿತ್ತು ಅನ್ನೋದು ಮುಖ್ಯವೇ ಅಲ್ಲ, ಕೊನೆಗೆ ಇಟ್ಟಿದ್ದೇ ನಿಲ್ಲುತ್ತೆ. ಅಂದರೆ ಕ·ಖ = ಖ. 'ಏನೂ ಮುಟ್ಟದೆ ಬಿಡೋದು' ಐಡೆಂಟಿಟಿ. ಬೋರ್ಡ್‌ಗಳು ಅನಂತ ಇವೆ ಅಂದುಕೊಳ್ಳಿ.

ಬಲಗಡೆ ಹೆಜ್ಜೆ ಅಂಟಿಸಿ. ಒಂದೇ ಒಂದು ಹೆಜ್ಜೆ ಸಾಕು, ಬೇಲೂರು. ಎಲ್ಲಿದ್ದರೂ ಬೇಲೂರು ಬೋರ್ಡ್ ಇಟ್ಟರೆ ಬೇಲೂರಿಗೇ ರಸ್ತೆ. ಎಲ್ಲ ಊರೂ ಬೇಲೂರಿಗೆ ಕೂಡಿಕೊಂಡವು. ಎಡ ಎಫ್‌ಪಿ-1 ಪಾಸ್. ಅಷ್ಟೇ ಅಲ್ಲ, ಇಲ್ಲಿ ಟ್ರಿವಿಯಲ್ ಮಾಡ್ಯೂಲೇ ಪ್ರೊಜೆಕ್ಟಿವ್ ಆಗಿಬಿಡುತ್ತೆ. ಏಣಿ ಒಂದೇ ಮೆಟ್ಟಿಲಿಗೆ ಮುಗಿಯಿತು, ಎಡ ಎಫ್‌ಪಿ-ಅನಂತ.

ಈಗ ಎಡಗಡೆ ಅಂಟಿಸಿ. ಅರಕಲಗೂಡು ಇಡೋಕೆ ಮುಂಚೆ ಬೇಲೂರು ಇಟ್ಟರೂ ಕೊನೆಗೆ ಅರಕಲಗೂಡೇ. ಹೊರಟ ಊರಿಗೇ ಬಂದು ನಿಂತೆವು. ಪ್ರತಿ ಬೋರ್ಡಿಗೂ ತನ್ನ ಸುತ್ತ ತಾನೇ ತಿರುಗುವ ರಸ್ತೆ ಮಾತ್ರ. ಐಡೆಂಟಿಟಿಯಿಂದ ನೀವು ಆರಿಸಿದ ಕೆಲವು ಬೋರ್ಡ್‌ಗಳಿಗೆ ಮಾತ್ರ ದಾರಿ, ಉಳಿದ ಅನಂತ ಊರುಗಳು ದ್ವೀಪ. ಬಲ ಎಫ್‌ಪಿ-1 ಕೂಡ ಇಲ್ಲ!

ಒಂದೇ ಮೊನಾಯ್ಡ್, ಒಂದು ಕಡೆಯಿಂದ ಎಲ್ಲ ಪರೀಕ್ಷೆಯೂ ಪಾಸ್, ಇನ್ನೊಂದು ಕಡೆಯಿಂದ ಒಂದನೇ ಕ್ಲಾಸೇ ಫೇಲ್. ಇಂಥದ್ದು ಇದೆ ಅಂತ ಡೇನಿಯಲ್ ಕೋಹೆನ್ 1992ರಲ್ಲಿ ಒಂದು ಪುಟ್ಟ ಲೇಖನವನ್ನೇ ಬರೆದರು. ಅವರ ಶೀರ್ಷಿಕೆಯಲ್ಲಿ ಬಲ ಪಾಸ್, ಎಡ ಫೇಲ್. ಕನ್ನಡಿ ಹಿಡಿದರೆ ಎರಡೂ ಒಂದೇ ಮಾತು.

ಇದರ ಗ್ರೂಪ್? ಕ·ಖ = ಖ. ಖ ತೆಗೆದು ಹಾಕಿ, ಕ = 1. ಎಲ್ಲ ಬೋರ್ಡೂ ಐಡೆಂಟಿಟಿ ಆಯಿತು. ಗ್ರೂಪ್‌ನಲ್ಲಿ ಒಂದೇ ಅಂಶ. ಆ ಗ್ರೂಪ್ ಕೈಯಲ್ಲಿಟ್ಟುಕೊಂಡು ಮೊನಾಯ್ಡ್ ಬಗ್ಗೆ 'ಬಹುತೇಕ ಎಲ್ಲಾ' ಹೇಳಿ ನೋಡೋಣ, ಮಂಜು!

ಬೋರ್ಡ್_ನೋಡಿ_ಹತ್ತಿ · 10:12

ನನ್ನ ಹೆಸರಿಗೆ ಇಷ್ಟು ದಿನಕ್ಕೆ ಗಣಿತದಲ್ಲಿ ಮರ್ಯಾದೆ ಸಿಕ್ಕಿತು.

ಕೋಡುಬಳೆ · 10:20

ಒಪ್ಪಿದೆ, ಒಪ್ಪಿದೆ. ಆದರೆ ಯಗಚಿ ಮೇಡಂ, ಇದು ಮೋಸದ ಉದಾಹರಣೆ ಅನ್ನಿಸುತ್ತೆ. ಕ·ಖ = ಗ·ಖ ಆದರೂ ಕ ಬೇರೆ ಗ ಬೇರೆ. ಕ್ಯಾನ್ಸಲ್ ಮಾಡೋಕೇ ಬರಲ್ಲ. ಅದಕ್ಕೇ ಗ್ರೂಪ್ ಕುಸಿದು ಬಿತ್ತು. ಎರಡೂ ಕಡೆ ಕ್ಯಾನ್ಸಲ್ ಮಾಡೋಕೆ ಬರುವ ಮೊನಾಯ್ಡ್ ತಗೊಂಡರೆ ಅದು ಗ್ರೂಪ್ ಒಳಗೆ ಹಾಗೇ ಕೂತುಕೊಳ್ಳುತ್ತೆ, ಎಲ್ಲ ಸರಿಹೋಗುತ್ತೆ.

ಹಳೇ_ಸೀಮೆಸುಣ್ಣ · 10:31

ಇಲ್ಲಪ್ಪ. ಈ ತಪ್ಪನ್ನು ಪ್ರತಿ ವರ್ಷ ಒಬ್ಬರಾದರೂ ಮಾಡುತ್ತಿದ್ದರು. ಗಣಿತಜ್ಞ ಮಾಲ್ಟ್ಸೆವ್ 1937ರಲ್ಲೇ ಮುರಿದು ಹಾಕಿದ. ಎಂಟು ಅಕ್ಷರ ತಗೋ. ಮೂರು ರಿಲೇಶನ್:

ಕ·ಪ = ಖ·ಫ
ಗ·ಪ = ಘ·ಫ
ಕ·ಬ = ಖ·ಭ

ಗ್ರೂಪ್‌ನಲ್ಲಿ ಈ ಮೂರಿದ್ದರೆ ಗ·ಬ = ಘ·ಭ ತಾನಾಗೇ ಬರುತ್ತೆ. ಎರಡು ನಿಮಿಷದ ಲೆಕ್ಕ, ಮಾಡಿ ನೋಡು. ಮೊನಾಯ್ಡ್‌ನಲ್ಲಿ ಬರಲ್ಲ, ಯಾಕೆಂದರೆ 'ಗಬ' ಅನ್ನುವ ಪದದಲ್ಲಿ ಬದಲಾಯಿಸೋಕೆ ಒಂದು ರಿಲೇಶನ್ನೂ ಕೈಗೆ ಸಿಗಲ್ಲ. ಕ್ಯಾನ್ಸಲ್ ಆಗುವ ಮೊನಾಯ್ಡೇ ಅದು, ಆದರೂ ಗ್ರೂಪ್ ಒಳಗೆ ಕೂರಲ್ಲ.

ಕ್ಯಾನ್ಸಲ್ ಜೊತೆಗೆ ಇನ್ನೊಂದು ಬೇಕು. ಯಾವ ಎರಡು ಅಂಶ ತಗೊಂಡರೂ ಅವಕ್ಕೆ ಒಂದೇ ಕಡೆಯಿಂದ ಸಾಮಾನ್ಯ ಅಪವರ್ತ್ಯ ಸಿಗಬೇಕು. ಓರೆ ಅನ್ನುವ ಗಣಿತಜ್ಞರ ಷರತ್ತು ಅದು. ಆಗ ಭಿನ್ನರಾಶಿ ಮಾಡಿದ ಹಾಗೆ ಗ್ರೂಪ್ ಕಟ್ಟಬಹುದು.

ಕೋಡುಬಳೆ · 10:44

ಲೆಕ್ಕ ಮಾಡಿದೆ. ಬಂತು. ಬಾಯಿ ಮುಚ್ಚಿಕೊಂಡೆ.

ಜಡೆಬಿಲ್ಲೆ · 10:50

ನಾನು ಹೈಸ್ಕೂಲ್ ಮೇಡಂ, ಚಿಕ್ಕಮಗಳೂರು. ಓದುತ್ತಾ ಬಂದೆ. ಜಡೆಗೂ ಇಂಥದ್ದೇ ಮೊನಾಯ್ಡ್ ಇದೆ ಅಲ್ವಾ? ಮೂರು ಕಾಲಿನ ಜಡೆ. ಮೊದಲನೇ ಕಾಲನ್ನು ಎರಡನೆಯದರ ಮೇಲೆ ಹಾಕೋದು ಕ. ಎರಡನೆಯದನ್ನು ಮೂರನೆಯದರ ಮೇಲೆ ಹಾಕೋದು ಖ. ಆಗ ಕಖಕ = ಖಕಖ. ಮಗಳಿಗೆ ಜಡೆ ಹಾಕುತ್ತಾ ಇದನ್ನು ತೋರಿಸಿದ್ದೆ. ಅವಳು 'ಅಮ್ಮ, ಬಸ್ ಬಂತು' ಅಂದಳು.

ಯಗಚಿ · 10:58

ಹೌದು ಮೇಡಂ! ಗಾರ್ಸೈಡ್ 1969ರಲ್ಲಿ ತೋರಿಸಿದ್ದು ಅದೇ. ಜಡೆಯ ಮೊನಾಯ್ಡ್ ಜಡೆಯ ಗ್ರೂಪ್ ಒಳಗೆ ಒಂದು ಕೂದಲೂ ಕೊಂಕದೆ ಕೂರುತ್ತೆ.

ಆದರೆ ಒಂದು ತಕರಾರಿದೆ. ನಾವು ದಿನಾ ಹಾಕುವ ಜಡೆ ಆ ಮೊನಾಯ್ಡ್‌ನಲ್ಲಿ ಇಲ್ಲ! ಕೈಯಲ್ಲಿ ದುಪಟ್ಟಾ ಹಿಡಿದು ನೋಡಿ. ಎಡಗಡೆ ಕಾಲು ನಡುವಿನದರ ಮೇಲೆ ಹೋಗುತ್ತೆ, ಇದು ಕ. ಆಮೇಲೆ ಬಲಗಡೆ ಕಾಲು ನಡುವಿನದರ ಮೇಲೆ. ಇದು ಖ ಅಲ್ಲ, ಖದ ಇನ್‌ವರ್ಸ್. ಒಂದು ಕ, ಒಂದು ಖ-ಇನ್‌ವರ್ಸ್, ಹೀಗೇ ಸಾಗುತ್ತೆ. ಜಡೆ ಹಾಕೋಕೆ ಗ್ರೂಪೇ ಬೇಕು, ಮೊನಾಯ್ಡ್ ಸಾಲದು. ಮೊನಾಯ್ಡ್ ಒಳಗೇ ಇದ್ದು ಕಖ, ಕಖ ಅಂತ ಮೂರು ಸಲ ಮಾಡಿದರೆ ಮೂರೂ ಕಾಲು ಸೇರಿ ಒಂದು ಪೂರ್ತಿ ಸುತ್ತು ಹೊಡೆದಿರುತ್ತವೆ. ಅದು ಜಡೆಯಲ್ಲ, ಹುರಿ ಹೊಸೆದ ಹಗ್ಗ.

ಜಡೆಬಿಲ್ಲೆ · 11:07

ದುಪಟ್ಟಾ ಇಲ್ಲ, ಮೂರು ಟವೆಲ್ ಹಿಡಿದು ನೋಡಿದೆ. ನೀವು ಹೇಳಿದ್ದು ನಿಜ. ಯಜಮಾನರು 'ಏನಾಯ್ತು ನಿಂಗೆ' ಅಂತ ಕೇಳ್ತಿದ್ದಾರೆ.

ಅರಸೀಕೆರೆ_ತೆಂಗು · 11:09

ಹಗ್ಗ ಅಂದಿದ್ದಕ್ಕೆ ಬಂದೆ. ತೆಂಗಿನ ನಾರಿನ ಹುರಿಯೇ ಗಟ್ಟಿ, ಜಡೆ ಹೆಣೆದದ್ದಲ್ಲ. ಇದರಲ್ಲಿ ಮಾತ್ರ ನನ್ನ ಮಾತು ನಂಬಿ.

ಮೂಡಿಗೆರೆ_ಮಂಜು · ಭಾನುವಾರ ಬೆಳಗ್ಗೆ 7:35

ರಾತ್ರಿ ಕರೆಂಟ್ ಹೋಗಿತ್ತು, ಈಗ ಓದಿದೆ. ಕಾಫಿ ಅಣ್ಣನ ಉದಾಹರಣೆ ಚೆನ್ನಾಗಿದೆ, ಆದರೆ ಸರ್ ಮುಂದೆ 'ಮೆಣಸು' ಅಂದರೆ ಮತ್ತೆ ನಗುತ್ತಾರೆ. ಹೆಸರಿರೋ ಉದಾಹರಣೆ ಯಾವುದಾದರೂ ಇದೆಯಾ? ಮೊನಾಯ್ಡ್‌ಗೆ ಅನಂತ ಜನರೇಟರ್ ಬೇಕು, ಗ್ರೂಪ್‌ಗೆ ಬೇಡ, ಅಂಥದ್ದು.

ಯಗಚಿ · 8:20

ಥಾಂಪ್ಸನ್ ಗ್ರೂಪ್ ಎಫ್. ರಿಚರ್ಡ್ ಥಾಂಪ್ಸನ್ 1965ರಲ್ಲಿ ಕಂಡದ್ದು. ಜನರೇಟರ್‌ಗಳು ಕ0, ಕ1, ಕ2, ಹೀಗೆ ಮುಗಿಯದ ಸಾಲು. ನಿಯಮ ಒಂದೇ. ದೊಡ್ಡ ನಂಬರಿನದು ಎಡಗಡೆ, ಚಿಕ್ಕದು ಬಲಗಡೆ ಇದ್ದರೆ ಜಾಗ ಬದಲಾಯಿಸಿ, ದೊಡ್ಡದರ ನಂಬರ್ ಒಂದು ಏರಿಸಿ. ಕ1·ಕ0 = ಕ0·ಕ2. ಕ2·ಕ1 = ಕ1·ಕ3. ಸರತಿ ಸಾಲಿನಲ್ಲಿ ಮುಂದೆ ಒಬ್ಬ ನುಗ್ಗಿದರೆ ಹಿಂದಿನವರ ಟೋಕನ್ ಒಂದೊಂದು ಹಿಂದಕ್ಕೆ ಹೋಗುತ್ತಲ್ಲ, ಹಾಸನಾಂಬೆ ದರ್ಶನದ ಕ್ಯೂ ನೆನಪಿಸಿಕೊಳ್ಳಿ.

ಇದೇ ಪಟ್ಟಿಯ ಮೊನಾಯ್ಡ್‌ನಲ್ಲಿ ಪ್ರತಿ ರಿಲೇಶನ್‌ನ ಎರಡೂ ಬದಿಯಲ್ಲಿ ಎರಡೆರಡು ಅಕ್ಷರ. ಹಾಗಾಗಿ ಒಂಟಿ ಅಕ್ಷರವನ್ನು ಯಾರೂ ಅಲ್ಲಾಡಿಸೋಕೆ ಆಗಲ್ಲ. ಎಲ್ಲವೂ ಬೇಕೇ ಬೇಕು. ಗ್ರೂಪ್‌ನಲ್ಲಿ? ಕ1·ಕ0 = ಕ0·ಕ2 ಅಂದರೆ ಕ2 ಅನ್ನು ಕ0, ಕ1 ಇಟ್ಟುಕೊಂಡು ಬರೆಯಬಹುದು. ಕ3 ಅನ್ನು ಕ2 ಇಟ್ಟುಕೊಂಡು. ಹೀಗೇ ಎಲ್ಲ. ಕೊನೆಗೆ ಉಳಿಯೋದು ಎರಡು ಜನರೇಟರ್, ಎರಡೇ ರಿಲೇಶನ್. ಮೇಲಾಗಿ ಬ್ರೌನ್, ಗೇಗನ್ ಇಬ್ಬರೂ 1984ರಲ್ಲಿ ಈ ಗ್ರೂಪ್ ಎಫ್‌ಪಿ-ಅನಂತ ಅಂತ ತೋರಿಸಿದರು. ಇದನ್ನು ಬೋರ್ಡ್ ಮೇಲೆ ಬರೆಯಿರಿ, ಯಾರೂ ನಗಲ್ಲ.

ಕಾಫಿ_ಕಣ · 8:31

ನಗೋದಾದರೆ ಮೆಣಸಿಗೇ ನಗಲಿ. ಅದೇ ಸರ್ ಮನೆಯಲ್ಲಿ ಸಾರಿಗೆ ಏನು ಹಾಕುತ್ತಾರಂತೆ?

ಕೋಡುಬಳೆ · 8:45

ಬಾಯಿ ಮುಚ್ಚಿಕೊಂಡವನು ಮತ್ತೆ ತೆರೆಯುತ್ತಿದ್ದೇನೆ. ಇದೆಲ್ಲ ಯಾಕೆ ಬೇಕು? ಎಫ್‌ಪಿ-1 ಸರಿ, ಎಫ್‌ಪಿ-2 ಅಂದರೆ ಫೈನೈಟ್ಲಿ ಪ್ರೆಸೆಂಟೆಡ್, ಅಂದರೆ ಜನರೇಟರ್, ರಿಲೇಶನ್ ಎರಡೂ ಪಟ್ಟಿ ಮುಗಿಯುವಂಥದ್ದು ಅಂತ ಇರಬೇಕು. ಎಫ್‌ಪಿ-3 ಯಾರಿಗೆ ಬೇಕು ಮಾರಾಯ್ರೇ?

ಹಳೇ_ಸೀಮೆಸುಣ್ಣ · 9:15

ಒಂದೇ ಉಸಿರಿನಲ್ಲಿ ಒಂದು ತಪ್ಪು, ಒಂದು ಒಳ್ಳೆಯ ಪ್ರಶ್ನೆ.

ತಪ್ಪು ಮೊದಲು. ಗ್ರೂಪ್ ಫೈನೈಟ್ಲಿ ಪ್ರೆಸೆಂಟೆಡ್ ಆದರೆ ಎಫ್‌ಪಿ-2 ಹೌದು. ಉಲ್ಟಾ ಸುಳ್ಳು. ಎಷ್ಟೋ ವರ್ಷ ಇದು ಯಾರಿಗೂ ಗೊತ್ತಿರಲಿಲ್ಲ. 1997ರಲ್ಲಿ ಬೆಸ್ಟ್‌ವಿನಾ, ಬ್ರೇಡಿ ಇಬ್ಬರು ಎಫ್‌ಪಿ-2 ಆಗಿಯೂ ಫೈನೈಟ್ಲಿ ಪ್ರೆಸೆಂಟೆಡ್ ಆಗದ ಗ್ರೂಪ್ ಕಟ್ಟಿ ತೋರಿಸಿದರು.

ಈಗ ಪ್ರಶ್ನೆ. ನೀನು ಪ್ರೋಗ್ರಾಮರ್, ನಿನಗೇ ಜಾಸ್ತಿ ಬೇಕು ಇದು. ಎರಡು ಪದ ಕೊಟ್ಟರೆ, ರಿಲೇಶನ್ ಹಾಕಿಕೊಂಡು ಒಂದನ್ನು ಇನ್ನೊಂದಾಗಿ ಮಾಡಬಹುದಾ? ಇದೇ ವರ್ಡ್ ಪ್ರಾಬ್ಲಮ್. ಮೊನಾಯ್ಡ್‌ಗಳಿಗೆ ಇದನ್ನು ಎಲ್ಲ ಸಂದರ್ಭದಲ್ಲೂ ಬಿಡಿಸುವ ಪ್ರೋಗ್ರಾಂ ಬರೆಯೋಕೇ ಸಾಧ್ಯವಿಲ್ಲ ಅಂತ ಪೋಸ್ಟ್, ಮಾರ್ಕೊವ್ ಇಬ್ಬರೂ ಬೇರೆ ಬೇರೆಯಾಗಿ 1947ರಲ್ಲಿ ತೋರಿಸಿದರು. ಆದರೆ ಕೆಲವಕ್ಕೆ ಸುಲಭದ ದಾರಿ ಇದೆ. 'ಇದು ಕಂಡರೆ ಅದು ಬರೆ' ಅನ್ನುವ ಕೆಲವೇ ನಿಯಮಗಳು. ಯಾವ ಕ್ರಮದಲ್ಲಿ ಹಾಕಿದರೂ ನಿಲ್ಲಲೇಬೇಕು, ನಿಂತಾಗ ಉತ್ತರ ಒಂದೇ ಇರಬೇಕು. ಕಂಪ್ಲೀಟ್ ರೀರೈಟಿಂಗ್ ಸಿಸ್ಟಮ್. ಅದಿದ್ದರೆ ಎರಡೂ ಪದವನ್ನು ಕೊನೆಯವರೆಗೂ ಇಳಿಸಿ, ಒಂದೇನಾ ಅಂತ ನೋಡಿದರೆ ಮುಗಿಯಿತು.

ವರ್ಡ್ ಪ್ರಾಬ್ಲಮ್ ಬಿಡಿಸಬಹುದಾದ ಪ್ರತಿ ಮೊನಾಯ್ಡ್‌ಗೂ ಇಂಥ ಚಿಕ್ಕ ನಿಯಮಪಟ್ಟಿ ಸಿಗುತ್ತಾ? ಹುಡುಕಿ ಸಿಗದಿದ್ದರೆ, ನಮಗೆ ಸಿಕ್ಕಿಲ್ಲವೋ ಅಥವಾ ಇಲ್ಲವೇ ಇಲ್ಲವೋ ಅಂತ ಹೇಳೋದು ಹೇಗೆ? ಇಲ್ಲಿ ಬಂದವನು ಕ್ರೇಗ್ ಸ್ಕ್ವೈಯರ್. 1987ರಲ್ಲಿ ಹೇಳಿದ: ಅಂಥ ಪಟ್ಟಿ ಇದ್ದರೆ ಮೊನಾಯ್ಡ್ ಎಫ್‌ಪಿ-3 ಆಗಿರಲೇಬೇಕು. ಆಮೇಲೆ ವರ್ಡ್ ಪ್ರಾಬ್ಲಮ್ ಬಿಡಿಸಬಹುದಾದ, ಆದರೆ ಎಫ್‌ಪಿ-3 ಅಲ್ಲದ ಫೈನೈಟ್ಲಿ ಪ್ರೆಸೆಂಟೆಡ್ ಮೊನಾಯ್ಡ್‌ಗಳನ್ನು ಮುಂದಿಟ್ಟ. ಪ್ರಶ್ನೆ ಮುಗಿಯಿತು, ಪಟ್ಟಿ ಸಿಗಲ್ಲ. ಅಕ್ಷರ ತಿರುಚುವ ಆಟಕ್ಕೆ ಹೋಮಾಲಜಿಯಿಂದ, ಅಂದರೆ ಆ ಏಣಿ ಕಟ್ಟುವ ಗಣಿತದಿಂದ, ಉತ್ತರ ಬಂತು. ನಾನು ಇದನ್ನು ಮೊದಲ ಸಲ ಓದಿದ ದಿನ ಸಂಜೆ ಮನೆಗೆ ಹೋಗೋಕೆ ಮನಸ್ಸಾಗದೆ ಮಹಾರಾಜ ಪಾರ್ಕಿನಲ್ಲಿ ಕೂತಿದ್ದೆ.

ಕೋಡುಬಳೆ · 9:28

ಇದು ಚೆನ್ನಾಗಿದೆ ಸರ್. ನಿಜವಾಗಿ. ಒಂದೇ ರಿಲೇಶನ್ ಇರೋ ಮೊನಾಯ್ಡ್‌ಗಾದರೂ ಪ್ರೋಗ್ರಾಂ ಬರೆಯಬಹುದಾ?

ಯಗಚಿ · 9:40

ಒಂದೇ ರಿಲೇಶನ್‌ನ ಗ್ರೂಪ್‌ಗಳಿಗೆ ಮಾಗ್ನಸ್ 1932ರಲ್ಲೇ ಬಿಡಿಸಿದರು. ಒಂದೇ ರಿಲೇಶನ್‌ನ ಮೊನಾಯ್ಡ್‌ಗೆ ಪೂರ್ತಿ ಉತ್ತರ ಇನ್ನೂ ಬಂದಿಲ್ಲ. ಆದ್ಯಾನ್ ಮತ್ತು ಅವರ ಜೊತೆಯವರು ಹಲವು ಬಗೆಗಳನ್ನು ಬಿಡಿಸಿದ್ದಾರೆ. ಗ್ರೇ, ಸ್ಟೈನ್‌ಬರ್ಗ್ ಇಬ್ಬರು ಒಂದೇ ರಿಲೇಶನ್‌ನ ಮೊನಾಯ್ಡ್‌ಗಳೆಲ್ಲ ಎಫ್‌ಪಿ-ಅನಂತ ಅಂತ ತೋರಿಸಿದ್ದಾರೆ, ಅಂದರೆ ಸ್ಕ್ವೈಯರ್ ಕಡೆಯಿಂದ ಅಡ್ಡಿಯೇನಿಲ್ಲ. ಆದರೆ ಅಡ್ಡಿ ಇಲ್ಲ ಅಂದ ಮಾತ್ರಕ್ಕೆ ದಾರಿ ಸಿಕ್ಕಿತು ಅಂತಲ್ಲ.

ಬೋರ್ಡ್_ನೋಡಿ_ಹತ್ತಿ · 9:43

ಅಂದರೆ ಇನ್‌ವರ್ಸ್ ಇಲ್ಲದಿದ್ದರೆ ಲೆಕ್ಕ ಸುಲಭ ಅಂದುಕೊಂಡಿದ್ದೆ, ಕಷ್ಟವೇ ಜಾಸ್ತಿ!

ಜಡೆಬಿಲ್ಲೆ · 10:02

ವಿಷಯಾಂತರಕ್ಕೆ ಕ್ಷಮಿಸಿ. ಈ ಗ್ರೂಪ್‌ಗೆ ಕನ್ನಡದಲ್ಲಿ ಏನಂತೀರಿ? ಶಾಲೆಯಲ್ಲಿ ನಾವು ಸೆಟ್‌ಗೆ 'ಗಣ' ಅಂತೀವಿ. ಗ್ರೂಪ್‌ಗೆ 'ಗುಂಪು' ಅಂದರೆ ಮಕ್ಕಳು ವಾಟ್ಸಾಪ್ ಅಂದುಕೊಳ್ಳುತ್ತಾರೆ.

ಕಾಫಿ_ಕಣ · 10:09

ಗ್ರೂಪ್ ಅಂತಲೇ ಇರಲಿ ಬಿಡಿ ಮೇಡಂ. ಟೊಮೇಟೊಗೆ ಯಾರು ಹೆಸರಿಟ್ಟರು?

ಅರಸೀಕೆರೆ_ತೆಂಗು · 10:11

ಗೂದೆಹಣ್ಣು ಅಂತ ಇದೆ ಸ್ವಾಮಿ, ನಿಮಗೆ ಗೊತ್ತಿಲ್ಲ ಅಷ್ಟೇ.

ಕಾಫಿ_ಕಣ · 10:14

ಸೋತೆ.

ಮೂಡಿಗೆರೆ_ಮಂಜು · 11:20

ನಾನು ಈಗ ಬರೆದುಕೊಂಡಿದ್ದು ನೋಡಿ. ಎಡ ಎಫ್‌ಪಿ-1 ಆದ ಮೊನಾಯ್ಡ್‌ನ ಗ್ರೂಪ್ ಫೈನೈಟ್ಲಿ ಜನರೇಟೆಡ್ ಆಗಲೇಬೇಕು. ಯಾಕೆಂದರೆ ಸುಣ್ಣದ ಸರ್ ರಸ್ತೆಗಳಲ್ಲಿ ಐಡೆಂಟಿಟಿಯಿಂದ ಯಾವ ಊರಿಗಾದರೂ ಹಿಂದೆ ಮುಂದೆ ಓಡಾಡಿ ಹೋಗಬಹುದು. ಗ್ರೂಪ್‌ನಲ್ಲಿ ಆ ಹಿಂದೆ ಹೋಗೋದೇ ಇನ್‌ವರ್ಸ್. ಹಾಗಾಗಿ ಆ ಕೆಲವು ಹೆಜ್ಜೆಗಳೇ ಗ್ರೂಪ್ ಪೂರ್ತಿ ಹುಟ್ಟಿಸುತ್ತವೆ. ಸರೀನಾ?

ಹಳೇ_ಸೀಮೆಸುಣ್ಣ · 11:34

ಸರಿ. ಬಲ ಎಫ್‌ಪಿ-1 ಆದರೂ ಅದೇ ವಾದ. ನೀನೇ ಕಂಡುಕೊಂಡೆ ಅನ್ನೋದು ನನಗೆ ಖುಷಿ. ಇದನ್ನು ಮೊದಲು ಹೇಳು, ಆಮೇಲೆ ಬಸ್ ಬೋರ್ಡ್.

ಯಗಚಿ · 11:50

ಇನ್ನೂ ಒಂದು ಹೇಳಿಬಿಡ್ತೀನಿ, ಸರ್ 'ಗ್ರೂಪ್ ಏನು ಮರೆಯುತ್ತೆ' ಅಂತ ಕೇಳಿದರೆ ಇರಲಿ. ನಾಲ್ಕು ಮನೆಯ ಚೌಕ ಬರೆಯಿರಿ, ಎರಡು ಅಡ್ಡಸಾಲು, ಎರಡು ಕಂಬಸಾಲು. ಎರಡು ಮನೆ ಗುಣಿಸಿದರೆ ಮೊದಲನೆಯದರ ಅಡ್ಡಸಾಲು, ಎರಡನೆಯದರ ಕಂಬಸಾಲು ಇಟ್ಟುಕೊಳ್ಳಿ. ಐಡೆಂಟಿಟಿ ಸೇರಿಸಿ, ಒಟ್ಟು ಐದು ಅಂಶ. ಪ್ರತಿ ಮನೆಯೂ ತನ್ನನ್ನೇ ಗುಣಿಸಿದರೆ ತಾನೇ ಬರುತ್ತೆ, ಹಾಗಾಗಿ ಗ್ರೂಪ್‌ನಲ್ಲಿ ಎಲ್ಲವೂ 1. ಗ್ರೂಪ್‌ನಲ್ಲಿ ಉಳಿದದ್ದು ಅದೊಂದೇ.

ಆದರೆ ಪ್ರತಿ ಮೊನಾಯ್ಡ್‌ಗೂ ಕ್ಲಾಸಿಫೈಯಿಂಗ್ ಸ್ಪೇಸ್ ಅಂತ ಒಂದು ಆಕಾರ ಇರುತ್ತೆ. ಅದರ ಫಂಡಮೆಂಟಲ್ ಗ್ರೂಪೇ, ಅಂದರೆ ಅದರ ಮೇಲೆ ಹೊರಟು ಅಲ್ಲಿಗೇ ವಾಪಸ್ ಬರುವ ಸುತ್ತುಗಳ ಗ್ರೂಪೇ, ನಾವು ಮಾತಾಡುತ್ತಿರುವ ಗ್ರೂಪ್. ಈ ಐದು ಅಂಶದ ಮೊನಾಯ್ಡ್‌ನ ಆಕಾರ ಗೋಳ! ಹೋಮೊಟೊಪಿ ಕಣ್ಣಿನಲ್ಲಿ, ಅಂದರೆ ಹರಿಯದೆ ಹಿಗ್ಗಿಸಿ ಕುಗ್ಗಿಸಿದರೆ ಒಂದೇ ಅನ್ನುವ ಲೆಕ್ಕದಲ್ಲಿ, ಚೆಂಡಿನ ಮೇಲ್ಮೈ. ಗ್ರೂಪ್‌ಗೆ ಆ ಗೋಳದ ಗಾಳಿಗಂಧವೂ ಇಲ್ಲ. ಡ್ಯೂಸಾ ಮ್ಯಾಕ್‌ಡಫ್ 1979ರಲ್ಲಿ ಇದರ ಪರಮಾವಧಿ ತೋರಿಸಿದರು. ಒಂದೇ ತುಂಡಾಗಿರುವ ಯಾವ ಆಕಾರ ಕೊಟ್ಟರೂ ಅದೇ ಹೋಮೊಟೊಪಿ ಬಗೆಯ ಮೊನಾಯ್ಡ್ ಒಂದು ಇದ್ದೇ ಇರುತ್ತೆ.

ಕೋಡುಬಳೆ · 11:58

ಐದು ಅಂಶಕ್ಕೆ ಗೋಳ? ಭಾನುವಾರ ಹಾಳಾಯಿತು. ಪೇಪರ್ ತಗೊಂಡು ಕೂತೆ.

ಮೂಡಿಗೆರೆ_ಮಂಜು · ಸೋಮವಾರ ಸಂಜೆ 5:10

ಮುಗಿಯಿತು! ಮೆಣಸು, ಬಸ್ ಬೋರ್ಡ್, ಥಾಂಪ್ಸನ್ ಮೂರೂ ಹೇಳಿದೆ. ಮೆಣಸಿಗೆ ನಕ್ಕರು, ಆದರೆ ಆ ಸರ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬಸ್ ಬೋರ್ಡಿನಲ್ಲಿ ಮಾತ್ರ ತಕರಾರು ತೆಗೆದರು, 'ಎಡ ಅಲ್ಲ, ಬಲ' ಅಂತ. ಹತ್ತು ನಿಮಿಷ ಜಗಳ. ಯಾರು ಸರಿ?

ಹಳೇ_ಸೀಮೆಸುಣ್ಣ · 5:26

ಅವರು ಫಂಕ್ಷನ್‌ಗಳನ್ನು ಬಲದಿಂದ ಎಡಕ್ಕೆ ಓದುವವರು ಇರಬೇಕು. ಮೊದಲು ಮಾಡೋದನ್ನು ಬಲಗಡೆ ಬರೆದರೆ ಕ·ಖ = ಕ ಆಗುತ್ತೆ, ಎಡ ಬಲ ಅದಲುಬದಲು. ಬೋರ್ಡ್ ಮೇಲೆ ಮೊದಲ ಸಾಲಿನಲ್ಲೇ 'ಎಡದಿಂದ ಬಲಕ್ಕೆ ಓದಿ' ಅಂತ ಬರೆದಿದ್ದೆಯಾ?

ಮೂಡಿಗೆರೆ_ಮಂಜು · 5:28

ಇಲ್ಲ ಸರ್.

ಬೋರ್ಡ್_ನೋಡಿ_ಹತ್ತಿ · 5:29

ನನ್ನ ಹೆಸರಾದರೂ ನೋಡಬಾರದಿತ್ತಾ!